ಜಗಲಿಯಲ್ಲಿ ಕಾದು ಕೂತ ಹೆತ್ತವರು

ಭಾನುವಾರ ಪೂಜೆ ಮುಗಿಯುತ್ತದೆ. ಮಕ್ಕಳು ಧರ್ಮೋಪದೇಶದ ತರಗತಿಗೆ ಹೋಗುತ್ತಾರೆ, ಕರೆತಂದ ತಾಯಿ ಇಗರ್ಜಿಯ ಜಗಲಿಯಲ್ಲಿ ಕೂತು ಕಾಯುತ್ತಾಳೆ. ಕಾರವಾರ, ಅಂಕೋಲಾ ಕಡೆ ಇದು ವಾರವಾರದ ನೋಟ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಶಿಕ್ಷಣ ಬೆಳೆದುಬಂದ ಹಾದಿಯನ್ನು ಓದುತ್ತ ಹೋದಂತೆ ನನ್ನ ಕಣ್ಣೆದುರು ಬಂದವಳು ಈ ತಾಯಿಯೇ. ಪಾಠ ಒಳಗೆ ನಡೆದಿದೆ, ಅವಳು ಹೊರಗಿದ್ದಾಳೆ.

1970ರ ದಶಕದ ಕೊನೆಗೆ ಅಮೆರಿಕದ ಶಾಲೆಗಳಲ್ಲಿ 'ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ'ದ ಪಾಠ ಶುರುವಾಯಿತು. ಬೇಡ ಎನ್ನು, ಅಲ್ಲಿಂದ ಓಡು, ದೊಡ್ಡವರಿಗೆ ಹೇಳು. ಆರು ವರ್ಷದ ಮಗು ತನ್ನ ಕಾವಲನ್ನು ತಾನೇ ಕಾಯಬೇಕು ಎಂಬಂತಿತ್ತು ಅದು. 1984ರಲ್ಲಿ ಸಮಾಜಶಾಸ್ತ್ರಜ್ಞ ಡೇವಿಡ್ ಫಿಂಕೆಲ್‌ಹೋರ್ ಇಂಥ ಕೃತ್ಯ ನಡೆಯಲು ನಾಲ್ಕು ಹಂತ ದಾಟಬೇಕು ಎಂದರು: ಕೆಡುಕನಿಗೆ ಆ ಮನಸ್ಸು ಬರಬೇಕು, ತನ್ನೊಳಗಿನ ತಡೆಯನ್ನು ಮೀರಬೇಕು, ಮಗುವಿನ ಸುತ್ತಲ ಕಾವಲನ್ನು ತಪ್ಪಿಸಬೇಕು, ಕೊನೆಗೆ ಮಗುವಿನ ಪ್ರತಿರೋಧವನ್ನು ಮುರಿಯಬೇಕು. ಶಾಲೆಯ ಪಾಠ ಗಟ್ಟಿಮಾಡಿದ್ದು ಆ ಕೊನೆಯ ಬೇಲಿಯನ್ನು ಮಾತ್ರ. ಮೂರನೆಯ ಬೇಲಿ ಎಂದರೆ ಹೆತ್ತವರು. ಪುಟ್ಟ ಮಕ್ಕಳಿಗೆ ಈ ವಿಷಯವನ್ನು ಶಿಕ್ಷಕರಷ್ಟೇ ಚೆನ್ನಾಗಿ ತಂದೆತಾಯಿಯೂ ಕಲಿಸಬಲ್ಲರು ಎಂದು ಸ್ಯಾಂಡಿ ವರ್ಟಲೆ ಮತ್ತು ಸಂಗಡಿಗರು 1992ರಲ್ಲೇ ತೋರಿಸಿದ್ದರು. ಶಾಲಾ ಪಾಠಗಳ ಕುರಿತ 24 ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2015ರ ಕಾಕ್ರೇನ್ ವಿಮರ್ಶೆ, ಮಕ್ಕಳ ತಿಳಿವಳಿಕೆ ಹೆಚ್ಚಿದ್ದನ್ನು ಕಂಡಿತು. ದೌರ್ಜನ್ಯವೇ ಕಡಿಮೆಯಾಯಿತು ಎನ್ನಲು ಅದಕ್ಕೆ ಆಧಾರ ಸಿಗಲಿಲ್ಲ.

ಮಕ್ಕಳಿಗೆ ಮೊದಲ ಗುರು ತಂದೆತಾಯಿ ಎಂದು ಕಥೋಲಿಕ ಧರ್ಮಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿತ್ತು. ಆದರೆ ಈ ಒಂದು ಪಾಠದಲ್ಲಿ ಆ ಮಾತು ನೆನಪಾಗಲು 2002 ಬರಬೇಕಾಯಿತು. ಬೋಸ್ಟನ್ನಿನ ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ದೌರ್ಜನ್ಯದ ಪ್ರಕರಣಗಳನ್ನು ಅಲ್ಲಿನ ಪತ್ರಿಕೆ ಬಯಲಿಗೆಳೆದ ಮೇಲೆ ಅಮೆರಿಕದ ಬಿಷಪ್ಪರು ಡಾಲಸ್‌ನಲ್ಲಿ ಸನ್ನದು ಹೊರಡಿಸಿ, ಹೆತ್ತವರ ಜೊತೆಗೂಡಿ ಶಿಕ್ಷಣ ಕೊಡುವುದಾಗಿ ಒಪ್ಪಿದರು. ಆದರೂ ಬೋಸ್ಟನ್ನಿನಲ್ಲೇ ಮಕ್ಕಳ ಪಾಠಕ್ಕೆ ಕೆಲವು ತಂದೆತಾಯಂದಿರು ಅಡ್ಡ ನಿಂತರು. ಅವರನ್ನು ಹಳೆಕಾಲದವರು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮಗುವಿನ ಮೈಯ ವಿಚಾರದಲ್ಲಿ ಹೆತ್ತವರನ್ನು ಮೊದಲೇ ಕೂರಿಸಿಕೊಂಡು ಮಾತಾಡದಿದ್ದರೆ ಅವರಿಗೆ ಸಿಟ್ಟು ಬರದೆ ಇರುತ್ತದೆಯೆ?

ನಮ್ಮಲ್ಲಿ ಕಣ್ಣು ತೆರೆಸಿದ್ದು ಕೇಂದ್ರ ಸರ್ಕಾರದ 2007ರ ಅಧ್ಯಯನ. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರು. ಕೆಡುಕರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು, ಮಗು ನಂಬಿದವರು. ಹೆಚ್ಚಿನ ಮಕ್ಕಳು ಅದುವರೆಗೆ ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ. 2012ರಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಬಂತು. ಬೆಂಗಳೂರಿನಲ್ಲಿ ಎನ್‌ಫೋಲ್ಡ್ ಸಂಸ್ಥೆ 2001ರಿಂದಲೇ ಮಕ್ಕಳ ಜೊತೆಗೆ ಪಾಲಕರನ್ನೂ ಶಿಕ್ಷಕರನ್ನೂ ಕೂರಿಸಿಕೊಂಡು ಮಾತಾಡುತ್ತಿತ್ತು. ಪೋಪ್ ಫ್ರಾನ್ಸಿಸ್ 2019ರಲ್ಲಿ, ದೂರು ಸ್ವೀಕರಿಸುವ ವ್ಯವಸ್ಥೆ ಪ್ರತಿ ಧರ್ಮಪ್ರಾಂತ್ಯದಲ್ಲೂ ಇರಬೇಕೆಂದು ವಿಧಿಸಿದರು.

ಕಾಗದದ ಮೇಲೆ ಇಷ್ಟಾಯಿತು. ಇನ್ನು ನಮ್ಮ ಕಡೆಯ ನೆಲಕ್ಕೆ ಬರೋಣ. ಕಾರವಾರ ಧರ್ಮಪ್ರಾಂತ್ಯ ಹುಟ್ಟಿದ್ದು 1976ರಲ್ಲಿ. ಕರಾವಳಿಯ ಕೊಂಕಣಿ ಕುಟುಂಬಗಳಿಂದ ಹಿಡಿದು ಹಳಿಯಾಳ, ಯಲ್ಲಾಪುರದ ಕಾಡಂಚಿನ ಸಿದ್ದಿ ಕ್ರೈಸ್ತರವರೆಗೆ ಅದರ ಹರವು. ಅಂಕೋಲೆಯಿಂದ ಯಲ್ಲಾಪುರದ ದಾರಿಯಲ್ಲಿ ಸಿಗುವ ಸುಂಕಸಾಳದಂಥ ಊರಿನವರನ್ನು ಪೇಟೆಯ ಸಭಾಭವನದ ಕಾರ್ಯಾಗಾರಕ್ಕೆ ಕರೆದರೆ ಆ ದಿನದ ಕೂಲಿ ಹೋಗುತ್ತದೆ, ಬಸ್ಸನ್ನೂ ಕಾಯಬೇಕು. ಬರುವವರು ತಾಯಂದಿರೇ. ದೋಣಿಗೋ ಗೋವೆಗೋ ಗಲ್ಫಿಗೋ ದುಡಿಯಲು ಹೋದ ಅಪ್ಪ ಬರುವುದೆಲ್ಲಿಂದ? ಮನೆಯ ಮಾತು ಕೊಂಕಣಿ, ಶಾಲೆಯ ಮಾತು ಕನ್ನಡ. ಗುಪ್ತಾಂಗಕ್ಕೆ ಬೈಗುಳವಲ್ಲದ ಹೆಸರು ಹೆಚ್ಚಿನ ಮನೆಗಳಲ್ಲಿ ಯಾವ ಭಾಷೆಯಲ್ಲೂ ಇಲ್ಲ. ಹೆಸರೇ ಇಲ್ಲದ್ದನ್ನು ಮಗು ಹೇಗೆ ಹೇಳೀತು? ಹಾಗಾಗಿ ಈ ಮಾತಿಗೆ ನೆರೆಹೊರೆಯವರು ಸಂಜೆ ತೇರ್ಸಿಗೆ, ಅಂದರೆ ಜಪಮಾಲೆ ಪ್ರಾರ್ಥನೆಗೆ, ಸೇರುವ ಮನೆಯೇ ಸರಿಯಾದ ಜಾಗ ಎಂದು ನನ್ನ ಎಣಿಕೆ.

ಅಲ್ಲಿ ಸ್ಪರ್ಶದ ಪಾಠ ಹೇಳಿ ಎದ್ದುಬಿಡಬಾರದು. ಆರೋಪದ ಬೆರಳು ಪಾದ್ರಿಯತ್ತಲೋ ಧರ್ಮೋಪದೇಶಕನತ್ತಲೋ ಹೋದಾಗ ಏನು ಮಾಡಬೇಕೆಂದು ಹೆತ್ತವರಿಗೆ ಬಿಡಿಸಿ ಹೇಳಬೇಕು. ಪೋಕ್ಸೊ 19ನೇ ಕಲಮಿನ ಪ್ರಕಾರ ದೂರು ಪೊಲೀಸರಿಗೆ ಹೋಗಬೇಕು. ಇಗರ್ಜಿಯ ಧರ್ಮಗುರುಗಳ ಕಿವಿಗೆ ಹಾಕಿದರೆ ಕೆಲಸ ಮುಗಿಯುವುದಿಲ್ಲ. ತನ್ನ ಕೈಕೆಳಗಿನವನ ಕೃತ್ಯವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಜೈಲು. ಮಗುವಿನ ಹೆಸರು ಹೊರಬೀಳಬಾರದೆಂಬ ರಕ್ಷಣೆಯೂ ಅದೇ ಕಾಯ್ದೆಯಲ್ಲಿದೆ. ಮರ್ಯಾದೆಗೆ ಅಂಜಿ ಸುಮ್ಮನಾಗುವ ಮನೆಗಳಿಗೆ ಮೊದಲು ತಿಳಿಸಬೇಕಾದದ್ದು ಇದನ್ನೇ. ಮಕ್ಕಳ ಸಹಾಯವಾಣಿ 1098.

ಇಷ್ಟು ತಿಳಿದ ಮೇಲೆ ಜಗಲಿಯ ತಾಯಿ ಒಳಗೆ ಬಂದು ಕೇಳಬಹುದು: ಪಾಠ ನಡೆಯುವಾಗ ಈ ಬಾಗಿಲು ತೆರೆದಿರುತ್ತದೆಯೆ? ಹೊಸ ಮೇಷ್ಟ್ರ ಬಗ್ಗೆ ಪೊಲೀಸರಲ್ಲಿ ವಿಚಾರಿಸಿದ್ದೀರಾ? ಶಿಬಿರಕ್ಕೆ ಮಕ್ಕಳ ಜೊತೆ ರಾತ್ರಿ ಉಳಿಯುವವರು ಯಾರು?