ಫೈಲು ಹಿಡಿದವರು, ಹಾಸಿಗೆ ಹಿಡಿದವರು: ಮುಂದುವರಿದ ಕ್ಯಾನ್ಸರಿನಲ್ಲಿ ಚಿಕಿತ್ಸೆಯ ನಿರ್ಧಾರ

1961ರಲ್ಲಿ ಷಿಕಾಗೊದ ಮನೋವೈದ್ಯ ಡೊನಾಲ್ಡ್ ಓಕನ್ ತಮ್ಮ ಆಸ್ಪತ್ರೆಯ ವೈದ್ಯರನ್ನು ಒಂದು ಮಾತು ಕೇಳಿದರು: ಕ್ಯಾನ್ಸರ್ ಇದೆಯೆಂದು ರೋಗಿಗೆ ಹೇಳುತ್ತೀರಾ? ನೂರಕ್ಕೆ ಸುಮಾರು 90 ಮಂದಿ ಹೇಳುವುದಿಲ್ಲ ಎಂದರು. 1979ರಲ್ಲಿ ಡೆನಿಸ್ ನೊವಾಕ್ ಮತ್ತು ಸಂಗಡಿಗರು ರೋಚೆಸ್ಟರಿನ ವೈದ್ಯರ ಮುಂದೆ ಅದೇ ಪ್ರಶ್ನೆ ಇಟ್ಟಾಗ ನೂರಕ್ಕೆ 97 ಮಂದಿ ಹೇಳುತ್ತೇವೆ ಎಂದರು. ಹದಿನೆಂಟೇ ವರ್ಷದಲ್ಲಿ ಅಮೆರಿಕದ ವೈದ್ಯಲೋಕ ಮಗ್ಗುಲು ಬದಲಿಸಿತ್ತು. ರೋಗಿಯಿಂದ ಸುದ್ದಿ ಮುಚ್ಚಿಡುವುದು ನಮ್ಮ ಸಂಸ್ಕೃತಿ ಎಂದು ವಾದಿಸುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಕರ್ನಾಟಕದಲ್ಲಿ ಬಯಾಪ್ಸಿ ವರದಿ ಸಾಮಾನ್ಯವಾಗಿ ಮೊದಲು ಸಿಗುವುದು ಮಗನ ಕೈಗೆ, ಇಲ್ಲವೇ ಅಳಿಯನ ಕೈಗೆ. "ಅಪ್ಪಂಗೆ ಹೇಳ್ಬೇಡಿ ಡಾಕ್ಟ್ರೇ, ಧೈರ್ಯ ಕಳ್ಕೊಂಡ್ಬಿಡ್ತಾರೆ" ಎಂಬ ಕೋರಿಕೆ ಅದರ ಬೆನ್ನಿಗೇ ಬರುತ್ತದೆ. ಮನೆಯಲ್ಲಿ ಕಾಯಿಲೆಗೆ 'ಗಡ್ಡೆ' ಎನ್ನುತ್ತಾರೆ, ವಿಕಿರಣ ಚಿಕಿತ್ಸೆಗೆ 'ಕರೆಂಟು ಕೊಡೋದು'. ಆದರೆ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಹೆಸರು ರಾಜ್ಯದ ಮೂಲೆಮೂಲೆಗೂ ಗೊತ್ತು. 'ಕಿದ್ವಾಯಿಗೆ ಕರ್ಕೊಂಡೋಗಿದಾರೆ' ಎಂದರೆ ಊರಿಗೆಲ್ಲ ಅರ್ಥವಾಗುತ್ತದೆ. ಗೊತ್ತಿಲ್ಲದಂತೆ ಇರಬೇಕಾದವನು ರೋಗಿಯೊಬ್ಬನೇ. ಕುಟುಂಬ ಮತ್ತು ವೈದ್ಯರು ಕೂಡಿ ಕಟ್ಟುವ ಈ ಮೌನದ ಬಗ್ಗೆ ನಿಮ್ಹಾನ್ಸ್‌ನ ಸಂತೋಷ್ ಚತುರ್ವೇದಿ, ಪ್ರಭಾ ಚಂದ್ರ ಅವರಂಥ ಮನೋವೈದ್ಯರು ಬರೆದಿದ್ದಾರೆ. ಇದರ ಮೂಲ ಪ್ರೀತಿಯೇ, ಅನುಮಾನವಿಲ್ಲ. ಆದರೆ ಇದರ ಬೆಲೆ ತೆರುವುದು ಚಿಕಿತ್ಸೆಯ ನಿರ್ಧಾರದ ಹೊತ್ತಿನಲ್ಲಿ.

ಕುಟುಂಬದವರು ಕೇಳುವ ಪ್ರಶ್ನೆ ಹೆಚ್ಚಾಗಿ 'ಮಾಡಿಸೋದಾ, ಬಿಡೋದಾ' ಎಂಬುದು. ಯಾವುದಕ್ಕಾಗಿ ಮಾಡಿಸುವುದು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಗುಣಪಡಿಸಲು ಕೊಡುವ ಕೀಮೋ ಬೇರೆ, ಕೆಲವು ತಿಂಗಳು ಹೆಚ್ಚಿಸಲು ಕೊಡುವುದು ಬೇರೆ, ನೋವು ತಗ್ಗಿಸಲು ಕೊಡುವುದು ಇನ್ನೂ ಬೇರೆ. ಮೂರಕ್ಕೂ ಬಾಟಲಿ ಒಂದೇ ಥರ ಕಾಣುತ್ತದೆ. ರೋಗದ ಹೆಸರು ಹೇಳಿದ ಮಾತ್ರಕ್ಕೆ ಈ ಗೊಂದಲ ತೀರುವುದಿಲ್ಲ. 2012ರಲ್ಲಿ ಜೇನ್ ವೀಕ್ಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಾಲ್ಕನೇ ಹಂತದ ಕ್ಯಾನ್ಸರಿಗೆ ಕೀಮೋ ಪಡೆದವರನ್ನು ವಿಚಾರಿಸಿದರು. ಅದರಿಂದ ಗುಣವಾಗುವ ಸಂಭವವಿಲ್ಲ ಎಂಬುದು ಶ್ವಾಸಕೋಶದ ರೋಗಿಗಳಲ್ಲಿ ಶೇ. 69, ಕರುಳಿನ ರೋಗಿಗಳಲ್ಲಿ ಶೇ. 81 ಮಂದಿಗೆ ಮನದಟ್ಟಾಗಿರಲಿಲ್ಲ.

ಗುಟ್ಕಾ, ತಂಬಾಕಿನಿಂದ ಬಾಯಿಯ ಕ್ಯಾನ್ಸರ್ ಹೆಚ್ಚಿರುವ ನಮ್ಮ ನಾಡಿಗೆ ನೇರವಾಗಿ ತಟ್ಟುವ ಉದಾಹರಣೆ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯದು. ನಿವೊಲುಮ್ಯಾಬ್ ಎಂಬ ರೋಗನಿರೋಧಕ ಶಕ್ತಿಯನ್ನು ಚುರುಕುಗೊಳಿಸುವ ದುಬಾರಿ ಔಷಧವನ್ನು ಮಾಮೂಲಿ ಪ್ರಮಾಣದ ಹತ್ತನೇ ಒಂದಕ್ಕಿಂತ ಕಡಿಮೆ, ಅಂದರೆ 20 ಮಿಲಿಗ್ರಾಂ ಮಾತ್ರ, ಅಗ್ಗದ ಮಾತ್ರೆಗಳ ಜೊತೆ ಕೊಟ್ಟು ನೋಡಿದ ಅಲ್ಲಿನ ವೈದ್ಯರು 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ತಲೆ ಮತ್ತು ಕುತ್ತಿಗೆ ಭಾಗದ ಮುಂದುವರಿದ ಕ್ಯಾನ್ಸರಿನಲ್ಲಿ ಒಂದು ವರ್ಷ ಬದುಕಿದವರು ಬರೀ ಮಾತ್ರೆಗಳ ಗುಂಪಿನಲ್ಲಿ ನೂರಕ್ಕೆ 16, ಔಷಧ ಸೇರಿಸಿದ ಗುಂಪಿನಲ್ಲಿ 43. ನಡುಮಟ್ಟದ ಆಯಸ್ಸು 6.7 ತಿಂಗಳಿಂದ 10.1 ತಿಂಗಳಿಗೆ ಏರಿತು.

ಬಡರಾಷ್ಟ್ರಗಳ ವೈದ್ಯಕೀಯಕ್ಕೆ ಇದು ದೊಡ್ಡ ಗೆಲುವು. ಆದರೂ ಆ ಮೂರು ಚಿಲ್ಲರೆ ತಿಂಗಳ ಬೆಲೆ ಕಟ್ಟುವವರು ಯಾರು? ಮಗಳ ಮದುವೆ ಕಣ್ಣಾರೆ ನೋಡಬೇಕೆನ್ನುವವನಿಗೆ ಅದು ಎಲ್ಲಕ್ಕಿಂತ ಮಿಗಿಲು. ಬಸ್ಸು ಹತ್ತಿ ಬೆಂಗಳೂರಿಗೆ ಅಲೆಯುವುದೇ ಬೇಡವಾಗಿರುವವನಿಗೆ ಹಾಗಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ನೆರವುಂಟು. ಜೊತೆಗೆ ಬಂದವರ ಊಟ, ರೂಮಿನ ಬಾಡಿಗೆ, ತಪ್ಪಿದ ಕೂಲಿ ಆ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆಂದು ಎಕರೆ ಹೊಲ ಮಾರಿದ ಸಂಗತಿ ಅಪ್ಪನಿಗೆ ಗೊತ್ತಾಗುವುದು ಎಷ್ಟೋ ಸಲ ತಡವಾಗಿ, ಕೆಲವೊಮ್ಮೆ ಗೊತ್ತಾಗುವುದೇ ಇಲ್ಲ.

'ಎಷ್ಟು ದಿನ?' ಎಂದರೆ ವೈದ್ಯರಿಗೂ ಕಷ್ಟ. ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಎಲಿಜಬೆತ್ ಲಾಮಾಂಟ್ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೊನೆಗಾಲದ ಆರೈಕೆಯ ಹಾಸ್ಪಿಸ್ ಸೇರಿದ 468 ರೋಗಿಗಳ ಬಗ್ಗೆ ವೈದ್ಯರ ಅಂದಾಜು ಸರಿಯಾದದ್ದು ಐದರಲ್ಲಿ ಒಂದು ಸಲ, ಶೇ. 63ರಷ್ಟು ಸಲ ಅವರು ಆಯಸ್ಸನ್ನು ಹೆಚ್ಚಿಸಿಯೇ ಹೇಳಿದ್ದರು. ರೋಗಿಯ ಒಡನಾಟ ಹಳೆಯದಾದಷ್ಟೂ ಅಂದಾಜು ಹದ ತಪ್ಪುತ್ತಿತ್ತಂತೆ. ಮಮತೆ ಮನೆಯವರಿಗಷ್ಟೇ ಮೀಸಲಲ್ಲ.

'ಇನ್ನು ನಮ್ಮಲ್ಲೇನೂ ಇಲ್ಲ' ಎಂದು ಆಸ್ಪತ್ರೆಯಲ್ಲಿ ಕೇಳಿಸಿಕೊಂಡವರು ಸಾಗರ ತಾಲ್ಲೂಕಿನ ನರಸೀಪುರದಲ್ಲಿ ನಾಟಿ ವೈದ್ಯರ ತೊಗಟೆಗಾಗಿ ಗುರುವಾರ, ಭಾನುವಾರ ಸಾಲುಗಟ್ಟುತ್ತಿದ್ದುದು ನಾಡಿಗೆಲ್ಲ ಗೊತ್ತಿರುವ ಸಂಗತಿ. ಆ ಸಾಲನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ 'ಏನೂ ಇಲ್ಲ' ಎಂಬ ಮಾತೇ ನಿಜವಲ್ಲ. ಬಾಸ್ಟನ್ನಿನ ಜೆನಿಫರ್ ಟೆಮೆಲ್ ತಂಡದ 2010ರ ಪ್ರಯೋಗದಲ್ಲಿ ಹರಡಿದ ಶ್ವಾಸಕೋಶ ಕ್ಯಾನ್ಸರಿನ 151 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಚಿಕಿತ್ಸೆಯ ಜೊತೆಗೇ ನೋವು, ಸಂಕಟ ತಗ್ಗಿಸುವ ಉಪಶಮನ ಆರೈಕೆಯನ್ನೂ ಮೊದಲಿನಿಂದಲೇ ಕೊಡಲಾಯಿತು. ಅವರಲ್ಲಿ ಕೊನೆಗಾಲದ ಭಾರೀ ಚಿಕಿತ್ಸೆ ಪಡೆದವರು ಕಡಿಮೆ. ಬದುಕಿದ್ದು ಮಾತ್ರ ಹೆಚ್ಚು, 8.9 ತಿಂಗಳ ಬದಲು 11.6. ಬೆಂಗಳೂರಿನ ಮಾರತ್ತಹಳ್ಳಿ ಬಳಿಯ ಕರುಣಾಶ್ರಯ ಈ ಆರೈಕೆಯನ್ನು ಹಣ ಪಡೆಯದೆ ನೀಡುತ್ತ ಬಂದಿದೆ. ಅಲ್ಲಿಗೆ ಕಳಿಸುವುದೆಂದರೆ ಕೈಬಿಟ್ಟಂತೆ ಎಂಬ ಅಳುಕು ಮಾತ್ರ ಇನ್ನೂ ಹೋಗಿಲ್ಲ.

ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು ಹೊರದೇಶಗಳಿಗೂ ಕಳಿಸುವ ಭಾರತದಲ್ಲಿ, 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಕ್ಯಾನ್ಸರ್ ರೋಗಿಗೆ ಅಫೀಮಿನಿಂದಲೇ ತಯಾರಾಗುವ, ನೋವು ತಗ್ಗಿಸುವ ಮಾರ್ಫಿನ್ ಮಾತ್ರೆ ಸಿಗದೆ ಹೋದದ್ದು ನಾಚಿಕೆಗೇಡು. 2014ರ ತಿದ್ದುಪಡಿ ನಿಯಮಗಳನ್ನು ಸಡಿಲಿಸಿತು. ಆದರೂ ಚಟ ಹತ್ತೀತೆಂಬ ಭಯ ಮನೆಯವರಲ್ಲೂ ಹಲವು ವೈದ್ಯರಲ್ಲೂ ಉಳಿದಿದೆ.

ಕಾನೂನು ಇನ್ನೊಂದು ಬಾಗಿಲನ್ನೂ ತೆರೆದಿದೆ. ಹೊನ್ನಾವರದ ಹಳದೀಪುರದಿಂದ ಮುಂಬಯಿಗೆ ಹೋಗಿ ನರ್ಸ್ ಆಗಿ, ಹಲ್ಲೆಗೊಳಗಾಗಿ ದಶಕಗಳ ಕಾಲ ಪ್ರಜ್ಞಾಹೀನರಾಗಿದ್ದ ಅರುಣಾ ಶಾನಭಾಗರ ಪ್ರಕರಣದ 2011ರ ತೀರ್ಪಿನಿಂದ ಬಿರುಸಾದ ಚರ್ಚೆ, ಘನತೆಯ ಸಾವು ಬದುಕಿನ ಹಕ್ಕಿನ ಭಾಗವೆಂಬ ಸುಪ್ರೀಂ ಕೋರ್ಟಿನ 2018ರ ತೀರ್ಪಿಗೆ ಬಂದು ಮುಟ್ಟಿತು. 2023ರಲ್ಲಿ ವಿಧಾನ ಸರಳವಾಯಿತು: ಸ್ವಸ್ಥ ಮನಸ್ಸಿನ ವಯಸ್ಕರು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ, ಚೇತರಿಕೆಯ ಆಸೆಯಿಲ್ಲದಾಗ ಜೀವರಕ್ಷಕ ಚಿಕಿತ್ಸೆ ಬೇಕೇ ಬೇಡವೇ ಎಂದು ತಿಳಿಸುವ ಮುಂಗಡ ಸೂಚನಾ ಪತ್ರ ಮಾಡಿಡಬಹುದು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದರ ಜಾರಿಗೆ ಸುತ್ತೋಲೆ ಹೊರಡಿಸಿತು. ತಮ್ಮ ಕಾಯಿಲೆ ಗಡ್ಡೆಯೆಂದಷ್ಟೇ ತಿಳಿದವರು ಇಂಥ ಪತ್ರ ಬರೆಯಲು ಕೂರುವುದಿಲ್ಲ. ಪತ್ರವಿಲ್ಲದೆ ರೋಗಿಯ ಎಚ್ಚರ ತಪ್ಪಿದರೆ ಆಸ್ಪತ್ರೆಯ ವೈದ್ಯ ಮಂಡಳಿ ಒಪ್ಪಿಗೆ ಕೇಳುವುದು ಹತ್ತಿರದ ಬಂಧುಗಳನ್ನು. ವೆಂಟಿಲೇಟರ್ ತೆಗೆಯಬೇಕೇ ಎಂಬುದನ್ನು ಆಗ ಮಕ್ಕಳು ತಮ್ಮತಮ್ಮಲ್ಲೇ ಮಾತಾಡಿ ತೀರ್ಮಾನಿಸಬೇಕಾಗುತ್ತದೆ. ಅಪ್ಪನ ಮನಸ್ಸಿನಲ್ಲಿ ಏನಿತ್ತೆಂದು ಅಷ್ಟರವರೆಗೆ ಯಾರೂ ಕೇಳಿರುವುದಿಲ್ಲ.