ಮಲ್ಲಟದ ಮತ, ಕಾಲುವೆಯ ಕೊನೆ

ಮಲ್ಲಟ, ಕೃಷ್ಣೆ ತುಂಗಭದ್ರೆಗಳ ನಡುವಿನ ರಾಯಚೂರು ದೋಅಬ್‌ನ ಊರು. ಹಿಂದೆ ಮಾನ್ವಿ ತಾಲ್ಲೂಕಿಗೆ ಸೇರಿತ್ತು, ಈಗ ಸಿರವಾರ ತಾಲ್ಲೂಕಿನಲ್ಲಿದೆ. 1948ರವರೆಗೆ ಈ ಸೀಮೆ ನಿಜಾಮರದು. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ್ದು. ಆಮೇಲೆ ಮೈಸೂರು ರಾಜ್ಯ, ಕರ್ನಾಟಕ. ಆಡಳಿತದ ಗೆರೆಗಳು ಇಷ್ಟು ಸಲ ಬದಲಾದರೂ ಇಲ್ಲಿನ ಒಕ್ಕಲುತನ ನೋಡುವುದು ನೀರಿನ ದಾರಿಯನ್ನೇ. ನೀರು ಹರಿಯುವ ದಾರಿಗೂ ಮತ ಎಣಿಸುವ ಕ್ಷೇತ್ರದ ಗಡಿಗೂ ಇಲ್ಲಿ ಹೊಂದಾಣಿಕೆಯಿಲ್ಲ. ಹಾಗಾಗಿಯೇ ಈ ಸೀಮೆಯ ದೊಡ್ಡ ಪ್ರಶ್ನೆ, ಕಾಲುವೆಯ ಕೊನೆಭಾಗಕ್ಕೆ ನೀರು ತಲುಪದಿರುವುದು, ಲೋಕಸಭಾ ಚುನಾವಣೆಯ ಪ್ರಶ್ನೆಯಾಗಿ ಬೆಳೆದಿಲ್ಲ ಎಂಬುದು ನನ್ನ ವಾದ.

ನಕ್ಷೆಯನ್ನೇ ನೋಡೋಣ. ರಾಯಚೂರು ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ರಾಯಚೂರು ನಗರ, ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ, ಲಿಂಗಸುಗೂರು ಕೃಷ್ಣೆಯ ಈಚೆಗಿವೆ. ಸುರಪುರ, ಶಹಾಪುರ, ಯಾದಗಿರಿ ನದಿ ದಾಟಿದ ಮೇಲೆ. ಅದೇ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ಮಾತ್ರ ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಇನ್ನು ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಲ್ಲಿ ಹುಟ್ಟಿ, ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆಯಿಂದ ಬಂದು, ಸುಮಾರು 227 ಕಿ.ಮೀ. ಹರಿದು ಕೊನೆಗೆ ಮಾನ್ವಿ, ಸಿರವಾರ, ರಾಯಚೂರಿನತ್ತ ಮುಗಿಯುತ್ತದೆ. ಕಾಲುವೆಯ ತಲೆ ಕೊಪ್ಪಳದ ಸಂಸದರ ಪಾಲು, ಬಾಲ ರಾಯಚೂರಿನ ಸಂಸದರ ಪಾಲು. ಮೇಲ್ಭಾಗದಲ್ಲಿ ಅರೆ ನೀರಾವರಿ ಬೆಳೆಗೆಂದು ಗೊತ್ತು ಮಾಡಿದ್ದ ಹೊಲಗಳಲ್ಲಿ ಭತ್ತ ನಿಂತಿದೆ, ಅನಧಿಕೃತ ನೀರಾವರಿಯೂ ಬೆಳೆದಿದೆ. ಕೆಳಭಾಗದ ರೈತರು 69ನೇ ಮೈಲ್, 104ನೇ ಮೈಲ್‌ಗಳಲ್ಲಿ ಗೇಜ್, ಅಂದರೆ ಕಾಲುವೆಯ ನೀರಿನ ಮಟ್ಟ, ಎಷ್ಟು ಅಡಿ ನಿಂತಿದೆ ಎಂದು ಕೇಳುತ್ತಾ ಹಂಗಾಮು ಕಳೆಯುತ್ತಾರೆ. ಗೇಜ್ ಕಾಯ್ದುಕೊಳ್ಳಿ ಎಂದು ರಸ್ತೆ ತಡೆಯುವುದೂ ಇಲ್ಲಿ ಹೊಸದಲ್ಲ. ಇತ್ತ ಇದೇ ಕ್ಷೇತ್ರದ ಸುರಪುರ, ಶಹಾಪುರ, ದೇವದುರ್ಗಗಳು ಕೃಷ್ಣೆಯ ನಾರಾಯಣಪುರ ಜಲಾಶಯದ ಕಾಲುವೆಗಳತ್ತ ಮುಖ ಮಾಡಿವೆ. ಎಂಟು ಕ್ಷೇತ್ರಗಳ ಲೆಕ್ಕದಲ್ಲಿ ತುಂಗಭದ್ರೆಯ ಕೊನೆಭಾಗ ಸಣ್ಣ ಪಾಲಾಗಿಬಿಡುತ್ತದೆ.

ಮತದಾರರು ಒಂದೇ ಪಕ್ಷಕ್ಕೆ ಕಟ್ಟುಬಿದ್ದಿದ್ದರಿಂದ ಹೀಗಾಯಿತು ಎನ್ನಲೂ ಆಗದು. ರಾಯಚೂರು ಲೋಕಸಭಾ ಕ್ಷೇತ್ರ ಕಾಂಗ್ರೆಸ್ಸಿನ ಭದ್ರಕೋಟೆ ಎಂಬ ಮಾತನ್ನು ಮತದ ಇತಿಹಾಸ ಪೂರ್ತಿ ಒಪ್ಪುವುದಿಲ್ಲ. 1957ರಲ್ಲಿ ಕಾಂಗ್ರೆಸ್ಸಿನ ಜಿ.ಎಸ್. ಮೇಲ್ಕೋಟೆ ಗೆದ್ದರು ನಿಜ. ಆದರೆ 1967ರಲ್ಲಿ ಸ್ವತಂತ್ರ ಪಕ್ಷ, 1996ರಲ್ಲಿ ಜನತಾದಳ ಇಲ್ಲಿ ಗೆದ್ದಿವೆ. 2008ರ ಪುನರ್ವಿಂಗಡಣೆಯಲ್ಲಿ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಮೇಲಂತೂ ಯಾವ ಪಕ್ಷವೂ ಸತತ ಎರಡು ಸಲ ಗೆದ್ದಿಲ್ಲ. 2009ರಲ್ಲಿ ಬಿಜೆಪಿಯ ಸಣ್ಣ ಫಕೀರಪ್ಪ, 2014ರಲ್ಲಿ ಕಾಂಗ್ರೆಸ್ಸಿನ ಬಿ.ವಿ. ನಾಯಕ, 2019ರಲ್ಲಿ ಬಿಜೆಪಿಯ ರಾಜಾ ಅಮರೇಶ್ವರ ನಾಯಕ, 2024ರಲ್ಲಿ ಕಾಂಗ್ರೆಸ್ಸಿನ ಜಿ. ಕುಮಾರ ನಾಯಕ. 2014ರ ಅಂತರ ಬರೀ 1,499 ಮತ. ಮುಂದಿನ ಸಲ ಅದು ಲಕ್ಷ ದಾಟಿ ಎದುರು ಪಕ್ಷದ ಕಡೆ ವಾಲಿತು. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಯಚೂರು ನಗರ ಬಿಜೆಪಿಗೆ, ಮಾನ್ವಿ ಕಾಂಗ್ರೆಸ್ಸಿಗೆ, ದೇವದುರ್ಗ ಜೆಡಿಎಸ್‌ಗೆ ಒಲಿದವು. ಈ ಮತದಾರರು ಯಾರ ಕಟ್ಟಾಳುಗಳೂ ಅಲ್ಲ. ಪ್ರತಿ ಸಲ ಕೈ ಬದಲಿಸಿದರೂ ಕೊನೆಭಾಗದ ನೀರಿನ ಪ್ರಶ್ನೆ ಇದ್ದಲ್ಲಿಯೇ ಇದೆ.

ಇಲ್ಲಿ ಮತ ಬೀಳುವುದು ಜಾತಿಯ ಮೇಲೆ, ಅಲೆಯ ಮೇಲೆ ಎನ್ನುವವರಿದ್ದಾರೆ. ಅಲೆಯ ಬಲವನ್ನು 2019 ತೋರಿಸಿದೆ, ಒಪ್ಪುತ್ತೇನೆ. ಆದರೆ 2014ರಲ್ಲಿ ಎದುರುಬದುರಾದ ಇಬ್ಬರು ಮುಖ್ಯ ಅಭ್ಯರ್ಥಿಗಳೂ ನಾಯಕ ಸಮುದಾಯದವರೇ, 2019ರಲ್ಲೂ ಹಾಗೆಯೇ. ಅಭ್ಯರ್ಥಿಯ ಜಾತಿಯೊಂದೇ ಅಲ್ಲಿ ಸೋಲು ಗೆಲುವನ್ನು ವಿವರಿಸಲಾರದು. ನೀರಾವರಿ ರಾಜ್ಯದ ವಿಷಯ, ಸಂಸದರೇನು ಮಾಡಿಯಾರು ಎಂಬುದು ಇದಕ್ಕಿಂತ ತೂಕದ ಆಕ್ಷೇಪ. ನಾಲೆಯ ಸರದಿ ಗೊತ್ತುಮಾಡುವುದು ರಾಜ್ಯದ ನೀರಾವರಿ ಸಲಹಾ ಸಮಿತಿ ಎಂಬುದೂ ಸರಿ. ಆದರೆ ಜಲಾಶಯವನ್ನು ನೋಡಿಕೊಳ್ಳುವ ತುಂಗಭದ್ರಾ ಮಂಡಳಿಯನ್ನು 1953ರಲ್ಲಿ ರಚಿಸಿದ್ದು ಕೇಂದ್ರ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಕಂಗಾಲಾದವರು ಮೂರು ರಾಜ್ಯದ ರೈತರು. ಹೂಳಿನ ನಷ್ಟ ತುಂಬಲು ಯೋಜಿಸಿರುವ ನವಲಿ ಸಮಾನಾಂತರ ಜಲಾಶಯಕ್ಕೂ ಆಂಧ್ರ, ತೆಲಂಗಾಣಗಳ ಒಪ್ಪಿಗೆ ಬೇಕು. ಅಂತಾರಾಜ್ಯ ಮಾತುಕತೆಗೆ ದೆಹಲಿಯಲ್ಲಿ ದನಿ ಎತ್ತಬೇಕಾದವರು ಸಂಸದರಲ್ಲದೆ ಇನ್ಯಾರು?

ಕ್ಷೇತ್ರಗಳನ್ನು ಕಟ್ಟುವುದು ಜನಸಂಖ್ಯೆಯ ಮೇಲೆ, ಕಾಲುವೆಯ ಮೇಲಲ್ಲ ಎಂದೂ ಹೇಳಬಹುದು. ಆದರೆ ಭೂಲಕ್ಷಣ, ಸಂಪರ್ಕ, ಜನರ ಅನುಕೂಲವನ್ನೂ ನೋಡಬೇಕೆಂದು ಪುನರ್ವಿಂಗಡಣೆಯ ಕಾಯಿದೆಯೇ ಹೇಳುತ್ತದೆ. ಕರಡು ಪ್ರಕಟಿಸಿ ಆಕ್ಷೇಪ, ಸಲಹೆಗಳನ್ನೂ ಕೇಳಲಾಗುತ್ತದೆ. ಮುಂದಿನ ಪುನರ್ವಿಂಗಡಣೆ ಬಂದಾಗ ಮಲ್ಲಟ, ಸಿರವಾರ, ಮಾನ್ವಿಯ ಗ್ರಾಮಸಭೆಗಳು ಕಾಲುವೆಯ ನಕ್ಷೆಯನ್ನು ಮುಂದಿಟ್ಟುಕೊಂಡು ತಮ್ಮ ಸಲಹೆಯನ್ನು ಬರೆದು ಕೊಡಲಿ. ಅಲ್ಲಿಯವರೆಗೆ ರಾಯಚೂರು, ಕೊಪ್ಪಳದ ಇಬ್ಬರು ಸಂಸದರನ್ನೂ ವರ್ಷಕ್ಕೊಮ್ಮೆ ಒಂದೇ ಸಭೆಗೆ ಕರೆದು, 104ನೇ ಮೈಲ್‌ನ ಗೇಜಿನ ಲೆಕ್ಕ ಕೇಳಲಿ.