ಹರಿದ ಹಾಳೆಗಳಲ್ಲಿ ಉಳಿದ ಅನುಭಾವ

ಗೋಕಾಕ ಫಾಲ್ಸಿನಲ್ಲಿ 170 ಅಡಿ ಧುಮುಕುವ ಘಟಪ್ರಭೆಯು ಮುಂದೆ ಕೃಷ್ಣೆಯನ್ನು ಕೂಡಿ ಪೂರ್ವಾಭಿಮುಖವಾಗಿ ಸಾಗುತ್ತದೆ. ಈ ನದಿಗಳ ನಾಡಿನಲ್ಲಿ ಎರಡು ಅನುಭಾವ ಪರಂಪರೆಗಳು ಅಕ್ಕಪಕ್ಕದಲ್ಲಿಯೇ ಬಾಳಿ ಬಂದಿವೆ. ಶರಣರ ವಚನಗಳು ತಾಡವೋಲೆಯ ಕಟ್ಟುಗಳಲ್ಲಿ ಉಳಿದವು; ಸೂಫಿ ಸಂತರ ಫಾರಸಿ ಹಾಗೂ ದಖನಿ ಕಾವ್ಯಗಳು ಕಾಗದದ ಹೊತ್ತಿಗೆಗಳಲ್ಲಿ ಉಳಿದವು. ಭಾಷೆ, ಲಿಪಿ, ಆಚಾರಗಳು ಬೇರೆಯಾದರೂ ಎರಡಕ್ಕೂ ಒದಗಿದ ವಿಪತ್ತು ಮಾತ್ರ ಒಂದೇ.

ನಮ್ಮ ಭಾಗದ ಭಕ್ತರಿಗೆ ಈ ನೆರೆಹೊರೆಯು ಹೊಸದಲ್ಲ. ಗೋಕಾಕ ತಾಲೂಕಿನ ಸಾವಳಗಿಯ ಶ್ರೀ ಶಿವಲಿಂಗೇಶ್ವರರಿಗೂ ಕಲಬುರ್ಗಿಯ ಖ್ವಾಜಾ ಬಂದೇ ನವಾಜರಿಗೂ ಇದ್ದ ಸ್ನೇಹವನ್ನು ಆ ಮಠದ ಪರಂಪರೆಯು ಇಂದಿಗೂ ಸ್ಮರಿಸುತ್ತದೆ. ಅಲ್ಲಿಯ ಪೀಠಾಧಿಪತಿಗಳು ಹಸಿರು ನಿಲುವಂಗಿ ಧರಿಸುವುದು ಆ ಸ್ಮರಣೆಯ ಕುರುಹಾಗಿದೆ. 1422ರಲ್ಲಿ ದೇಹವಿಟ್ಟ ಬಂದೇ ನವಾಜರು ಅರಬ್ಬಿ, ಫಾರಸಿಗಳಲ್ಲಿ ಅನೇಕ ಗ್ರಂಥಗಳನ್ನು ರಚಿಸಿದ ಪಂಡಿತರಾಗಿದ್ದರು.

ಸೂಫಿಗಳು ತಮ್ಮ ತತ್ತ್ವವನ್ನು ಕಥೆಯ ಮೂಲಕ ಹೇಳಲು ಬಳಸಿದ ಕಾವ್ಯರೂಪಕ್ಕೆ ಮಸ್ನವಿ ಎಂದು ಹೆಸರು. ಇದರಲ್ಲಿ ಎರಡೆರಡು ಸಾಲುಗಳಿಗೆ ಒಂದೊಂದು ಪ್ರಾಸ. ಆದುದರಿಂದ ಕಥೆಯನ್ನು ಎಷ್ಟು ದೂರವಾದರೂ ಎಳೆಯಬಹುದು. ಜಲಾಲುದ್ದೀನ ರೂಮಿಯ (1207–1273) ಮಸ್ನವಿಯು ಆರು ಸಂಪುಟಗಳಷ್ಟಿದೆ. ಅವನಿಗಿಂತ ಹಿಂದಿನವನಾದ ಅತ್ತಾರನ 'ಮಂತಿಕುತ್ತೈರ್' ಕಾವ್ಯದಲ್ಲಿ ಹಕ್ಕಿಗಳು ತಮ್ಮ ಅರಸನಾದ ಸೀಮುರ್ಗನನ್ನು ಅರಸುತ್ತ ಏಳು ಕಣಿವೆಗಳನ್ನು ದಾಟುತ್ತವೆ. ಕೊನೆಗೆ ಉಳಿದ ಮೂವತ್ತು ಹಕ್ಕಿಗಳು ಅಲ್ಲಿ ಕಾಣುವುದು ತಮ್ಮನ್ನೇ. ಫಾರಸಿಯಲ್ಲಿ 'ಸೀ ಮುರ್ಗ್' ಎಂದರೆ ಮೂವತ್ತು ಹಕ್ಕಿಗಳೆಂದೇ ಅರ್ಥ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಷಟ್‌ಸ್ಥಲ ಮಾರ್ಗವು ಓದುಗರಿಗೆ ಇಲ್ಲಿ ನೆನಪಾಗುವುದು ಸಹಜ. ಆದರೆ ಎರಡನ್ನೂ ಒಂದೇ ಎಂದು ಬಗೆಯುವುದು ಸರಿಯಲ್ಲ. ಇಷ್ಟಲಿಂಗವೂ ಕಾಯಕವೂ ಶರಣರ ಮಾರ್ಗಕ್ಕೆ ಕೊಟ್ಟ ವೈಶಿಷ್ಟ್ಯವೇ ಬೇರೆ. ಹೋಲಿಕೆಯನ್ನು ಕಂಡು ಸಂತೋಷಪಡುವುದು, ಭೇದವನ್ನು ಅರಿತು ಗೌರವಿಸುವುದು, ಇವೆರಡೂ ವಿವೇಕದ ಲಕ್ಷಣಗಳು.

ಈ ಕಾವ್ಯಮಾರ್ಗವನ್ನು ಕನ್ನಡ ನೆಲದಲ್ಲಿ ನಡೆಸಿದವರಲ್ಲಿ ಶಹಾಪುರ ತಾಲೂಕಿನ ಗೋಗಿಯ ಕಾಜಿ ಮಹಮೂದ ಬಹರಿ ಪ್ರಮುಖನು. ಜನಸಾಮಾನ್ಯರಿಗೆ ತಿಳಿಯುವ ದಖನಿಯಲ್ಲಿ 1700ರ ಸುಮಾರಿಗೆ 'ಮನ್ ಲಗನ್' ಎಂಬ ಮಸ್ನವಿಯನ್ನು ಬರೆದು, ಅದೇ ವಿಷಯವನ್ನು ಬಳಿಕ 'ಅರೂಸ್-ಎ-ಇರ್ಫಾನ್' ಎಂದು ಫಾರಸಿಗೆ ತಂದನು. ಅವನ ಕಾಲವು ಘೋರವಾದುದು. 1686ರಲ್ಲಿ ಔರಂಗಜೇಬನು ವಿಜಾಪುರವನ್ನು ಗೆದ್ದುಕೊಂಡಾಗ ಆದಿಲಶಾಹಿಯು ಅಳಿಯಿತು, ಆಶ್ರಯ ತಪ್ಪಿತು. ವಿಜಾಪುರ ಬಿಟ್ಟು ಹೈದರಾಬಾದಿಗೆ ಹೊರಟ ಬಹರಿಯನ್ನು ದಾರಿಯಲ್ಲಿ ಕಳ್ಳರು ದೋಚಿದರೆಂದೂ ಅವನು ಅದುವರೆಗೆ ಬರೆದ ಕಾವ್ಯವೆಲ್ಲ ಆಗ ಹೋಯಿತೆಂದೂ ಸಾಹಿತ್ಯ ಚರಿತ್ರಕಾರರು ಹೇಳುತ್ತಾರೆ. ಇಂದು ನಾವು ಓದುವ ಬಹರಿಯು ಬಹುಮಟ್ಟಿಗೆ ಆ ನಷ್ಟದ ನಂತರ ಮತ್ತೆ ಲೇಖನಿ ಹಿಡಿದ ಬಹರಿಯು.

ಅರಸರ ಗ್ರಂಥಭಂಡಾರದ ಗತಿಯೂ ಬೇರೆಯಾಗಲಿಲ್ಲ. ವಿಜಾಪುರದ ಆಸಾರ್ ಮಹಲಿನಲ್ಲಿ ಅಳಿದುಳಿದ ಹಸ್ತಪ್ರತಿಗಳನ್ನು ಸಾತಾರದ ಕಮಿಷನರನಾಗಿದ್ದ ಬಾರ್ಟಲ್ ಫ್ರಿಯರನ ಆಸಕ್ತಿಯಿಂದ 1853ರಲ್ಲಿ ಲಂಡನ್ನಿಗೆ ಸಾಗಿಸಲಾಯಿತು. ಅವು ಇಂದು ಅಲ್ಲಿಯ ಬ್ರಿಟಿಷ್ ಲೈಬ್ರರಿಯಲ್ಲಿವೆ. ಸುರಕ್ಷಿತವಾಗಿ ಉಳಿದವೆಂಬುದು ಸಮಾಧಾನದ ಸಂಗತಿ. ಹುಟ್ಟಿದ ನೆಲಕ್ಕೆ ಎರವಾದವೆಂಬುದು ವ್ಯಸನದ ಸಂಗತಿ.

ಹೊತ್ತಿಗೆಯ ಹೊಲಿಗೆ ಬಿಚ್ಚಿದಾಗ ಮೊದಲು ಕಳೆಯುವವು ಆದಿ ಅಂತ್ಯದ ಹಾಳೆಗಳು. ಅವುಗಳೊಡನೆ ಕವಿಯ ಹೆಸರು, ಪ್ರತಿಕಾರನ ಹೆಸರು, ಬರೆದ ಕಾಲ ಮೂರೂ ಹೋಗುತ್ತವೆ. ಹೀಗಿದ್ದರೂ ತ್ರುಟಿತ ಪ್ರತಿಯು ಮೂಕವಲ್ಲ. ಫಾರಸಿ ಪ್ರತಿಕಾರರು ಪುಟದ ಅಡಿಯಲ್ಲಿ ಮುಂದಿನ ಪುಟದ ಮೊದಲ ಪದವನ್ನು ಬರೆದಿಡುತ್ತಿದ್ದರು. ಚೆದುರಿದ ಹಾಳೆಗಳನ್ನು ಅದರ ನೆರವಿನಿಂದ ಮತ್ತೆ ಕ್ರಮವಾಗಿ ಜೋಡಿಸಬಹುದು. ಪ್ರತಿ ದ್ವಿಪದಿಗೂ ಅದರದೇ ಪ್ರಾಸವಿರುವುದರಿಂದ ಅರ್ಧ ಹರಿದ ಸಾಲಿನ ಅಂತ್ಯವನ್ನೂ ಕೆಲವೊಮ್ಮೆ ಊಹಿಸಬಹುದು. ನಮ್ಮ ತಾಡವೋಲೆಗಳಲ್ಲಿ ಇದೇ ಕೆಲಸವನ್ನು ಗರಿಯ ಅಂಚಿನ ಅಂಕಿಯೂ ವಚನದ ಅಂಕಿತವೂ ಮಾಡುತ್ತವೆ. ಅಂಕಿತವಿಲ್ಲದೆ ಹೋದರೆ ವಚನವಿದ್ದೂ ವಚನಕಾರನು ಅನಾಮಿಕನಾಗುತ್ತಾನೆ.

ಈ ಮಾತನ್ನು ನಮ್ಮವರಲ್ಲಿ ಎಲ್ಲರಿಗಿಂತ ಮೊದಲು ಮನಗಂಡವರಲ್ಲಿ ಡಾ. ಫ. ಗು. ಹಳಕಟ್ಟಿಯವರು (1880–1964) ಅಗ್ರಗಣ್ಯರು. ಅದೇ ವಿಜಾಪುರದಲ್ಲಿ ವಕೀಲಿ ಮಾಡುತ್ತ, ಊರೂರು ಅಲೆದು ಮನೆ ಮಠಗಳ ಓಲೆಗಳನ್ನು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಬೆಳಕಿಗೆ ತಂದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಒಂದು ಗ್ರಂಥಭಂಡಾರವು ಕಡಲಾಚೆ ಹೋದ ಊರಿನಲ್ಲಿಯೇ ಇನ್ನೊಂದು ಭಂಡಾರವು ಒಬ್ಬ ವ್ಯಕ್ತಿಯ ತಪಸ್ಸಿನಿಂದ ಉಳಿಯಿತೆಂಬುದು ಚಿಂತನೀಯ ಸಂಗತಿಯಾಗಿದೆ.

ನಮ್ಮ ಹಳೆಯ ಮನೆತನಗಳ ಅಟ್ಟದ ಮೇಲೆ, ಜಗುಲಿಯ ಪೆಟ್ಟಿಗೆಯಲ್ಲಿ ಇಂದಿಗೂ ಓಲೆಯ ಕಟ್ಟುಗಳಿರಬಹುದು. ದರ್ಗಾಗಳ ಗಂಟುಗಳಲ್ಲಿ ಫಾರಸಿಯ ಹಾಳೆಗಳಿರಬಹುದು. ವರ್ಷಕ್ಕೊಮ್ಮೆ ಅರಿಷಿಣ ಕುಂಕುಮ ಏರಿಸಿ ಪೂಜಿಸಿ ಮತ್ತೆ ಕಟ್ಟಿಡುವುದರಿಂದ ಗೆದ್ದಲು ಹಿಂಜರಿಯುವುದಿಲ್ಲ. ಓದಲು ಬಾರದ ಲಿಪಿಯೆಂದು ಹೊಳೆಗೆ ಬಿಡುವುದಂತೂ ಮಹಾಪರಾಧ. ಬಲ್ಲವರಿಗೆ ತೋರಿಸಿರಿ, ಛಾಯಾಚಿತ್ರ ತೆಗೆಯಿಸಿರಿ, ಬಿಡಿಹಾಳೆಯೆಂದು ತಾತ್ಸಾರ ಮಾಡದಿರಿ. ಯಾವ ಹಾಳೆಯ ಅಡಿಯಲ್ಲಿ ಯಾವ ಪದವು ತನ್ನ ಮುಂದಿನ ಪುಟಕ್ಕಾಗಿ ಕಾಯುತ್ತಿದೆಯೋ ಬಲ್ಲವರಾರು? ಹಿರಿಯರು ಬರೆದುದನ್ನು ಕಾಯುವುದೂ ಒಂದು ಕಾಯಕವೇ, ಅದೂ ದಾಸೋಹವೇ.